ಯೂರಿಯಾ ಚೀಲವೋ, ನ್ಯಾನೋ ಬಾಟಲಿಯೋ?

ಸೊಸೈಟಿಯಲ್ಲಿ ಯೂರಿಯಾ ಚೀಲ ಸಿಗದ ದಿನ ಕೈಗೆ ನ್ಯಾನೋ ಯೂರಿಯಾ ಬಾಟಲಿ ಕೊಡುತ್ತಾರೆ. ಎಲೆಗೆ ಸಿಂಪಡಿಸುವ ಈ ದ್ರವದ ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎನ್ನುತ್ತಾರೆ. ತಗೊಳ್ಳುವ ಮುನ್ನ ಒಂದು ಸಣ್ಣ ಲೆಕ್ಕ ಹಾಕೋಣ.

45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಶೇ 46, ಅಂದರೆ ಸುಮಾರು 20.7 ಕೆಜಿ. 2021ರಲ್ಲಿ ರಸಗೊಬ್ಬರದ ಸಹಕಾರ ಸಂಸ್ಥೆ ಇಫ್ಕೋ ತಂದ 500 ಮಿಲಿ ನ್ಯಾನೋ ಯೂರಿಯಾದಲ್ಲಿದ್ದದ್ದು ಶೇ 4, ಅಂದರೆ ಬರೀ 20 ಗ್ರಾಂ. ಆಮೇಲೆ ಬಂದ ಶೇ 20ರ 'ಪ್ಲಸ್' ಬಾಟಲಿ ಹಿಡಿದರೂ 100 ಗ್ರಾಂ.

ಇಫ್ಕೋದ ವಾದ ಇಷ್ಟು: ಕಣಗಳು ಅತಿ ಸಣ್ಣವು, ಎಲೆಯ ರಂಧ್ರದಿಂದ ನೇರ ಒಳಗಿಳಿಯುತ್ತವೆ, ಹಾಳಾಗುವುದು ಕಡಿಮೆ. ಮಣ್ಣಿಗೆ ಎರಚಿದ ಯೂರಿಯಾ ಅಮೋನಿಯಾ ಆಗಿ ಹಾರುವುದು, ನೀರಿನೊಡನೆ ಬಸಿಯುವುದು ಸುಳ್ಳಲ್ಲ. ಆದರೆ ಚೀಲದ ಅರ್ಧ ಹಾಳಾಯಿತೆಂದೇ ಇಟ್ಟುಕೊಳ್ಳಿ, ಇನ್ನೂ 10 ಕೆಜಿ ಉಳಿಯಿತಲ್ಲ! 20 ಗ್ರಾಂ ಅದಕ್ಕೆ ಸಮವಾಗುವುದು ಹೇಗೆ? ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳೂ 2023ರಲ್ಲಿ ಇದನ್ನೇ ಪ್ರಶ್ನಿಸಿದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಮೇಲುಗೊಬ್ಬರದ ಒಂದು ಪಾಲಿನ ಬದಲು ನ್ಯಾನೋ ಸಿಂಪಡಿಸಿದಾಗ ಭತ್ತ, ಗೋಧಿ ಎರಡರ ಇಳುವರಿಯೂ ಇಳಿಯಿತು.

ಹೊರಲು ಹಗುರ, ಇಡಲು ಜಾಗ ಬೇಡ. ಬಾಟಲಿಯ ಈ ಗುಣ ಒಪ್ಪುತ್ತೇನೆ. ಸಿಂಪರಣೆಯ ಕೂಲಿಯನ್ನು ಮಾತ್ರ ಲೆಕ್ಕಕ್ಕೆ ಸೇರಿಸಿ.

ಭತ್ತ, ಜೋಳಕ್ಕೆ ನಾನಾದರೆ ಚೀಲವನ್ನೇ ಕೊಳ್ಳುವೆ, ಕಂತು ಕಂತಾಗಿ ಹಾಕುವೆ. ಬಾಟಲಿ ಪರೀಕ್ಷಿಸಲೇಬೇಕೆಂದಿದ್ದರೆ ಹತ್ತು ಗುಂಟೆಯಲ್ಲಿ ಮಾಡಿ, ಪಕ್ಕದ ಹತ್ತು ಗುಂಟೆಯ ಕಾಳನ್ನೂ ತೂಗಿ ನೋಡಿ.