ಅಮೆರಿಕ, ಜರ್ಮನಿ, ಬ್ರಿಟನ್: ವೀಸಾಕ್ಕೆಂದು ಕುಮಟಾದಿಂದ ನಾವು ಕಟ್ಟಿದ್ದು

ಮಗ ನ್ಯೂಜೆರ್ಸಿಯಲ್ಲಿ, ಮಗಳು ಮ್ಯೂನಿಕ್‌ನಲ್ಲಿ, ನನ್ನ ತಂಗಿ ಲೆಸ್ಟರ್‌ನಲ್ಲಿ. ಹಾಗಾಗಿ ಎರಡು ವರ್ಷದೊಳಗೆ ನಾನೂ ನಮ್ಮ ಯಜಮಾನರೂ ಮೂರೂ ಕಡೆಯ ವೀಸಾಕ್ಕೆ ಅರ್ಜಿ ಹಾಕಿದೆವು. ಈಗ ನಮ್ಮ ಕೇರಿಯಲ್ಲಿ ಮಕ್ಕಳ ಹತ್ತಿರ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ: ಯಾವ ದೇಶದ್ದು ಅಗ್ಗ?

ಆಯಾ ಸರ್ಕಾರ ತೆಗೆದುಕೊಳ್ಳುವ ಶುಲ್ಕವಷ್ಟನ್ನೇ ನೋಡಿದರೆ ಜರ್ಮನಿಯದೇ ಅಗ್ಗ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೊ. 2024ರ ಜೂನ್ 11ಕ್ಕೆ ಮೊದಲು 80 ಇತ್ತು. ಬ್ರಿಟನ್‌ನ ಆರು ತಿಂಗಳ ವೀಸಾಕ್ಕೆ 2025ರ ಏಪ್ರಿಲ್‌ನಲ್ಲಿ 115 ಇದ್ದದ್ದು 127 ಪೌಂಡ್ ಆಯಿತು, ನಾವು ಕಟ್ಟಿದ್ದು ಅದನ್ನೇ. ಅಮೆರಿಕದ ಪ್ರವಾಸಿ ವೀಸಾ 185 ಡಾಲರ್, 2023ರ ಜೂನ್‌ವರೆಗೆ 160. ಮೂರೂ ಒಬ್ಬೊಬ್ಬರ ಲೆಕ್ಕ. ವೀಸಾ ಸಿಗದಿದ್ದರೆ ಯಾರೂ ಹಣ ವಾಪಸ್ ಕೊಡುವುದಿಲ್ಲ.

ಆದರೂ ಕೈ ಬಿಟ್ಟು ಹೋದ ಹಣವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೂಡಿಸಿದಾಗ ನನಗೆ ಅಗ್ಗ ಕಂಡದ್ದು ಅಮೆರಿಕವೇ. 185 ಡಾಲರ್ ಅಂದರೆ ರಮಾರಮಿ ಹದಿನಾರು ಸಾವಿರ ರೂಪಾಯಿ, ಸಿಕ್ಕಿದ್ದು ಹತ್ತು ವರ್ಷದ ವೀಸಾ. ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಸಂದರ್ಶನಕ್ಕೆ ಹೋಗುವ ಪ್ರಯಾಣವೂ ನಮ್ಮ ಕರಾವಳಿಯವರಿಗೆ ಸುಲಭ. ಬೆಂಗಳೂರಿನಲ್ಲಿ ಅಮೆರಿಕ ವೀಸಾದ ಸಂದರ್ಶನ ನಡೆಯುತ್ತಿರಲಿಲ್ಲ, ಅಲ್ಲಿಯವರೂ ಚೆನ್ನೈ ಅಥವಾ ಹೈದರಾಬಾದಿಗೆ ಹೋಗುತ್ತಿದ್ದರು. ನಾವು ಮುಂಬೈ ಆರಿಸಿಕೊಂಡೆವು. ಸಂಜೆ ಕುಮಟಾದಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಕುರ್ಲಾ, ಅಲ್ಲಿಂದ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲಿರುವ ದೂತಾವಾಸಕ್ಕೆ ರಿಕ್ಷಾದಲ್ಲಿ ಸ್ವಲ್ಪವೇ ದೂರ. ಕಷ್ಟ ಕೊಟ್ಟದ್ದು ಕಾಯುವಿಕೆ. ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾದೆವು. ಶುಲ್ಕದ ರಸೀದಿ ಒಂದು ವರ್ಷ ಮಾತ್ರ ನಡೆಯುತ್ತದೆ, ಅಷ್ಟರೊಳಗೆ ದಿನಾಂಕ ಗೊತ್ತುಮಾಡಿಕೊಳ್ಳದಿದ್ದರೆ ಕಟ್ಟಿದ ಹಣ ಹೋದಂತೆಯೇ. ಇನ್ನೊಂದು ಮಾತು, 2025ರ ಜುಲೈನಲ್ಲಿ ಅಲ್ಲಿ ಮಾಡಿದ ಕಾನೂನಿನಲ್ಲಿ ಇದರ ಮೇಲೆ 250 ಡಾಲರ್‌ನ ಹೊಸ ಶುಲ್ಕವೂ ಇದೆ. ಅದು ಸೇರಿದರೆ ನನ್ನ ಲೆಕ್ಕವನ್ನು ತಿದ್ದಬೇಕಾಗುತ್ತದೆ. ಹಣ ಕಟ್ಟುವ ದಿನದ ದರವನ್ನು ದೂತಾವಾಸದ ಜಾಲತಾಣದಲ್ಲೇ ನೋಡಿಕೊಳ್ಳಿ.

ಜರ್ಮನಿಯ 90 ಯೂರೊ, ಅಂದರೆ ಸುಮಾರು ಒಂಬತ್ತು ಸಾವಿರ ರೂಪಾಯಿ, ಮೊದಲ ಮೆಟ್ಟಿಲು ಮಾತ್ರ. ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ಕೇಂದ್ರಕ್ಕೆ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ, ನಮ್ಮ ವಯಸ್ಸಿಗೆ ಅದರ ಕಂತೂ ಹೆಚ್ಚು. ಪಂಚಗಂಗಾ ರೈಲಿನಲ್ಲಿ ರಾತ್ರಿಯೆಲ್ಲ ಕೂತು ಆ ಕೇಂದ್ರಕ್ಕೆ ಹೋಗಿದ್ದೆವು. ಕೌಂಟರಿನ ಹುಡುಗಿ ಪ್ರೀಮಿಯಂ ಲಾಂಜ್, ಕೊರಿಯರ್, ಎಸ್‌ಎಂಎಸ್ ಎಂದು ಒಂದೊಂದೇ ಮುಂದಿಟ್ಟಳು. ಅವು ಕಡ್ಡಾಯವಲ್ಲ ಎಂದು ತಾನಾಗಿ ಹೇಳಲಿಲ್ಲ. ನಾನು ಕೇಳಿದ ಮೇಲೆ ಹೇಳಿದಳು. ನಾವು ಕೊರಿಯರ್ ಮಾತ್ರ ತೆಗೆದುಕೊಂಡೆವು, ಪಾಸ್‌ಪೋರ್ಟ್ ತರಲು ಮತ್ತೆ ಅಷ್ಟು ದೂರ ಹೋಗುವುದು ಸಾಧ್ಯವಿರಲಿಲ್ಲ. ಇಷ್ಟೆಲ್ಲ ಆಗಿ ಸಿಕ್ಕ ವೀಸಾ ನಮ್ಮ ಆ ಒಂದು ಪ್ರಯಾಣಕ್ಕೆ ಮಾತ್ರ. ಚಿಕ್ಕ ಮಕ್ಕಳಿರುವವರಿಗೆ ಮಾತ್ರ ಇದು ನಿಜಕ್ಕೂ ಹಗುರ: ಆರು ವರ್ಷದೊಳಗಿನವರಿಗೆ ಶುಲ್ಕವೇ ಇಲ್ಲ, ಆರರಿಂದ ಹನ್ನೆರಡರೊಳಗೆ 45 ಯೂರೊ.

ಬ್ರಿಟನ್‌ನದು ನನಗೆ ಬೇಸರ ಉಳಿಸಿದ ಅರ್ಜಿ. ತಪ್ಪು ಆ ದೇಶದ್ದಲ್ಲ. ಅವಸರದಲ್ಲಿ ಏಜೆಂಟರೊಬ್ಬರಿಗೆ ಒಪ್ಪಿಸಿದ್ದೆವು. "ಅಕ್ಕೋರೆ, ಒಬ್ಬರಿಗೆ ಹತ್ತೊಂಬತ್ತು ಸಾವಿರ ಸರ್ಕಾರದ ಫೀಸು, ನಂದು ಆಮೇಲೆ ನೋಡುವಾ" ಎಂದರು. ಕೊಟ್ಟೆವು. ತಿಂಗಳ ಮೇಲೆ ಅಳಿಯ ಫೋನಿನಲ್ಲಿ ರಸೀದಿ ಕೇಳಿದ. ತರಿಸಿಕೊಂಡು ನೋಡಿದರೆ 127 ಪೌಂಡ್, ಹದಿನೈದು ಸಾವಿರವೂ ಆಗುವುದಿಲ್ಲ. ಇಬ್ಬರದು ಸೇರಿ ಎಂಟು ಸಾವಿರದ ಮೇಲೆ ಹೋಯಿತು. ದುಡಿಮೆಗೆ ಕೂಲಿ ಕೇಳಲಿ, ಕೊಡುತ್ತೇನೆ. ಅದನ್ನು ಸರ್ಕಾರದ ಹೆಸರಿನಲ್ಲಿ ತೆಗೆದುಕೊಂಡದ್ದು ನನಗೆ ಇವತ್ತಿಗೂ ನುಂಗಲಾಗುತ್ತಿಲ್ಲ. ಈ ಶುಲ್ಕವನ್ನು ಅರ್ಜಿ ತುಂಬುವಾಗ ಸರ್ಕಾರದ ಜಾಲತಾಣದಲ್ಲೇ ನಾವೇ ಕಾರ್ಡಿನಿಂದ ಕಟ್ಟಬಹುದಿತ್ತು.

ಬ್ರಿಟನ್ ವೀಸಾ ಆಗ ಎರಡು ವರ್ಷದ್ದು 475 ಪೌಂಡ್, ಹತ್ತು ವರ್ಷದ್ದು 1,059 ಪೌಂಡ್ ಇತ್ತು. ತಂಗಿ ಎರಡು ವರ್ಷದ್ದನ್ನೇ ಹಾಕು ಎಂದಳು. ನಾನು ಒಪ್ಪಲಿಲ್ಲ. ದೊಡ್ಡ ಅವಧಿ ಕೇಳಿ ಅವರು ಚಿಕ್ಕದನ್ನು ಕೊಟ್ಟರೂ ಹೆಚ್ಚಿನ ಹಣ ವಾಪಸ್ ಬರುವುದಿಲ್ಲ. ಆರು ತಿಂಗಳದ್ದನ್ನು ಮೂರು ಸಲ ತೆಗೆದರೂ 475 ಆಗುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ ಹೋಗುವವರಾದರೆ ಲೆಕ್ಕ ಬೇರೆ.

ಬರುವ ಮೇ ತಿಂಗಳಲ್ಲಿ ಮಗಳ ಬಾಣಂತನ. ಮತ್ತೆ ಜರ್ಮನಿಗೆ 90 ಯೂರೊ ಕಟ್ಟಬೇಕು, ಅಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತೆಯೂ ಇಲ್ಲ. ಆದರೆ 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆಂದು ಮಾಡಿದ ನಿಯಮದಂತೆ, ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದವರಿಗೆ ಮುಂದಿನದು ಎರಡು ವರ್ಷದ್ದು ಸಿಗಬಹುದು, ಆಮೇಲೆ ಐದು ವರ್ಷದ್ದು. ನಮಗೆ ಇದು ಎರಡನೆಯದು. ಹಳೆಯ ವೀಸಾದ ಪುಟದ ಜೆರಾಕ್ಸ್ ಪ್ರತಿಯನ್ನು ಈಗಲೇ ಫೈಲಿನಲ್ಲಿ ಇಟ್ಟಿದ್ದೇನೆ. ಈ ಸಲದ ಅರ್ಜಿಯನ್ನು ನಾನೇ ತುಂಬುವವಳು.