ವರ್ಕ್ ಇಂಪಾರ್ಟೆನ್ಸ್ ಲೊಕೇಟರ್: ಇಪ್ಪತ್ತು ಕಾರ್ಡ್‌ಗಳ ಈ ಸಾಧನ ನಮ್ಮ ಕಡೆಯವರಿಗೆ ಎಷ್ಟು ಉಪಯೋಗ?

ಹಾಸನ, ಚಿಕ್ಕಮಗಳೂರಿನಲ್ಲಿ ಪಿಯುಸಿ ಅಥವಾ ಡಿಗ್ರಿ ಮುಗಿಸಿದವರನ್ನು ಎಲ್ಲರೂ ಕೇಳುವುದು ‘ಎಷ್ಟು ಮಾರ್ಕ್ಸು, ಮುಂದೇನು’ ಅಂತ. ಕೆಲಸದಿಂದ ನಿನಗೆ ಏನು ಸಿಗಬೇಕು ಎಂದು ಕೇಳುವವರು ಕಡಿಮೆ. ಅದನ್ನೇ ಕೇಳುವ ಸಾಧನ ಇದು. ಅಮೆರಿಕದ ಕಾರ್ಮಿಕ ಇಲಾಖೆಯ ಉದ್ಯೋಗ ಮಾಹಿತಿ ಯೋಜನೆ ಓ-ನೆಟ್‌ನಲ್ಲಿ ತಯಾರಾದದ್ದು. ಇದರ ಬುಡದಲ್ಲಿರುವುದು ಮಿನೆಸೋಟಾ ವಿಶ್ವವಿದ್ಯಾಲಯದ ಡಾವಿಸ್ ಮತ್ತು ಲಾಫ್‌ಕ್ವಿಸ್ಟ್ ಅವರ ಸಿದ್ಧಾಂತ: ಕೆಲಸ ಕೊಡುವುದಕ್ಕೂ ಮನಸ್ಸು ಬೇಡುವುದಕ್ಕೂ ಹೊಂದಿಕೆಯಾದರೆ ಮನುಷ್ಯ ಅಲ್ಲಿ ನೆಲೆ ನಿಲ್ಲುತ್ತಾನೆ. ಪುಕ್ಕಟೆ ಸಿಗುತ್ತದೆ, ಪ್ರಿಂಟ್ ಹಾಕಿಸುವ ಖರ್ಚಷ್ಟೇ. ದಪ್ಪ ಹಾಳೆಯ ಮೇಲೆ ಹಾಕಿಸಿ, ತೆಳುವಾದರೆ ಫ್ಯಾನ್ ಗಾಳಿಗೆ ಕಾರ್ಡು ಚದುರುತ್ತದೆ.

ಒಟ್ಟು 20 ಕಾರ್ಡು. ಒಂದೊಂದರಲ್ಲೂ ಒಂದು ವಾಕ್ಯ: ನನ್ನ ನಿರ್ಧಾರ ನಾನೇ ತೆಗೆದುಕೊಳ್ಳುವಂತಿರಬೇಕು, ಕೆಲಸ ಖಾಯಂ ಇರಬೇಕು, ತಪ್ಪೆನಿಸಿದ್ದನ್ನು ಮಾಡೆಂದು ಯಾರೂ ಒತ್ತಡ ಹಾಕಬಾರದು, ಹೀಗೆ. ಇವನ್ನು 5ರಿಂದ (ಅತಿ ಮುಖ್ಯ) 1ರವರೆಗಿನ (ಎಲ್ಲಕ್ಕಿಂತ ಕಡಿಮೆ ಮುಖ್ಯ) ಐದು ಸಾಲುಗಳಲ್ಲಿ ಜೋಡಿಸಬೇಕು. ಸಾಲಿಗೆ ನಾಲ್ಕೇ ಕಾರ್ಡು, ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಸಾಧನದ ಜೀವವೇ ಈ ನಿಯಮ. ಸಂಬಳವೂ ಬೇಕು, ಹೆಸರೂ ಬೇಕು, ಸ್ವಾತಂತ್ರ್ಯವೂ ಬೇಕು ಎನ್ನುವವರು ಐದನೇ ಕಾರ್ಡಿಗೆ ಬಂದಾಗ ಒಂದನ್ನು ಕೆಳಗಿಳಿಸಲೇಬೇಕು. ಹಾಗೆ ಇಳಿಸುವಾಗ ಕೈ ಎಲ್ಲಿ ತಡೆಯುತ್ತದೆ ಎಂಬುದನ್ನು ಗಮನಿಸಿ. ವಾಕ್ಯಗಳು ಇಂಗ್ಲಿಷಿನಲ್ಲಿವೆ, ಕನ್ನಡ ಮಾಧ್ಯಮದವರಿಗೆ ಕೊಡುವಾಗ ಕಾರ್ಡಿನ ಹಿಂಬದಿ ಕನ್ನಡದಲ್ಲಿ ಬರೆದುಕೊಡಿ.

ಆಮೇಲೆ ಲೆಕ್ಕ. ಕಾರ್ಡು ಯಾವ ಸಾಲಿನಲ್ಲಿದೆಯೋ ಆ ಸಂಖ್ಯೆಯೇ ಅದರ ಅಂಕ, ಅದನ್ನು ಗುಂಪುವಾರು ಕೂಡಬೇಕು. ಸಾಧನೆ, ಸ್ವಾತಂತ್ರ್ಯ, ಮನ್ನಣೆ, ಸಂಬಂಧ, ಬೆಂಬಲ, ಕೆಲಸದ ಪರಿಸ್ಥಿತಿ ಎಂದು ಆರು ಗುಂಪು. ಸಾಧನೆಗೆ ಎರಡೇ ಕಾರ್ಡು, ಆದ್ದರಿಂದ ಆ ಮೊತ್ತವನ್ನು ಮೂರರಿಂದ ಗುಣಿಸಬೇಕು. ಮೂರು ಕಾರ್ಡಿನ ನಾಲ್ಕು ಗುಂಪುಗಳಿಗೆ ಎರಡರಿಂದ. ಪರಿಸ್ಥಿತಿಗೆ ಆರು ಕಾರ್ಡು, ಅಲ್ಲಿ ಕೂಡಿದರೆ ಸಾಕು. ಪ್ರತಿ ಗುಂಪಿನ ನಡುಮಟ್ಟ 18.

ನಮ್ಮ ಕಡೆಯವರು ಎಡವುವುದು ಇಲ್ಲೇ. ಖಾಯಂ ಕೆಲಸ, ಒಳ್ಳೆ ಸಂಬಳ ಎರಡೂ ಪರಿಸ್ಥಿತಿಯ ಗುಂಪಿಗೆ ಸೇರುತ್ತವೆ. ಸರ್ಕಾರಿ ನೌಕರಿಯೇ ಬೇಕೆಂದು ಕೂತ ಹುಡುಗಿ ಎರಡನ್ನೂ 5ರಲ್ಲಿಡುತ್ತಾಳೆ ಎನ್ನಿ. ಒಳ್ಳೆ ಸೌಕರ್ಯಕ್ಕೆ 3. ಅದೇ ಗುಂಪಿನ ‘ಒಬ್ಬಳೇ ಕೆಲಸ ಮಾಡುವುದು’, ‘ದಿನಕ್ಕೊಂದು ಬಗೆ’, ‘ಸದಾ ಕೈತುಂಬ ಕೆಲಸ’ ಮೂರೂ 1ಕ್ಕೆ ಬಿದ್ದರೆ ಮೊತ್ತ 16, ನಡುಮಟ್ಟಕ್ಕಿಂತ ಕೆಳಗೆ. ಸಾಧನೆಯ ಎರಡು ಕಾರ್ಡು 4ರಲ್ಲಿದ್ದರೆ ಅಲ್ಲಿ 24. ಬೇರೆ ಗುಂಪು ಇದನ್ನು ಮೀರದಿದ್ದರೆ ‘ನಿನ್ನ ಮುಖ್ಯ ಮೌಲ್ಯ ಸಾಧನೆ’ ಎಂದು ಫಲಿತಾಂಶ ಹೇಳುತ್ತದೆ, ಅವಳಿಗೆ ಎಲ್ಲಕ್ಕಿಂತ ಬೇಕಾದ ಭದ್ರತೆ ಮೊತ್ತದಡಿ ಹೂತುಹೋಗುತ್ತದೆ. ಅದಕ್ಕೇ ಕಾರ್ಡು ಎತ್ತುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. 5ನೇ ಸಾಲು ಮತ್ತು 1ನೇ ಸಾಲನ್ನು ಮೊತ್ತಕ್ಕಿಂತ ಹೆಚ್ಚು ನಂಬಿ.

ಎರಡನೆಯ ತೊಡಕು ವಯಸ್ಸಿನದು. ‘ಮೇಲಧಿಕಾರಿ ನಮ್ಮ ಪರ ನಿಲ್ಲಬೇಕು’ ಎಂಬ ಕಾರ್ಡು ಪಿಯು ವಿದ್ಯಾರ್ಥಿಗೆ ಹೊಳೆಯುವುದೇ ಇಲ್ಲ, ಕೆಳಗೆ ತಳ್ಳುತ್ತಾರೆ. ಒಂದೆರಡು ವರ್ಷ ಎಲ್ಲಾದರೂ ದುಡಿದವರು ಅದನ್ನು ಮೇಲಕ್ಕೆತ್ತುತ್ತಾರೆ. ಹಾಗಾಗಿ ಎಸ್ಸೆಸ್ಸೆಲ್ಸಿ ಆದವರಿಗಿಂತ ಡಿಗ್ರಿ ಆದವರಿಗೆ, ಕೆಲಸ ಬದಲಿಸಬೇಕೆಂದಿರುವವರಿಗೆ ಇದು ಹೆಚ್ಚು ಹೊಂದುತ್ತದೆ.

ಕೊನೆಗೆ ಸಿಗುವ ಉದ್ಯೋಗಗಳ ಪಟ್ಟಿ ಅಮೆರಿಕದ್ದು, ಬೇಕಾದ ಓದು, ತರಬೇತಿಯ ಮಟ್ಟದ ಪ್ರಕಾರ ಐದು ವಲಯಗಳಲ್ಲಿದೆ. ಅದನ್ನು ಬದಿಗಿಟ್ಟು ಇಲ್ಲಿನ ಕೆಲಸಗಳಿಗೆ ಅದೇ ಆರು ಗುಂಪಿನ ಪ್ರಕಾರ ನೀವೇ ಅಂಕ ಹಾಕಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗುವುದೂ ಸ್ವಂತ ತೋಟ ನೋಡಿಕೊಳ್ಳುವುದೂ ಕಾಫಿಯ ಕೆಲಸವೇ. ತೋಟದಲ್ಲಿ ನಿರ್ಧಾರವೆಲ್ಲ ನಿಮ್ಮದು, ಆದರೆ ಕಾಫಿ ಹೂ ಬಿಡಲು ಬೇಕಾದ ಹೂಮಳೆ ತಪ್ಪಿದರೆ ವರ್ಷದ ಆದಾಯ ಅಲುಗುತ್ತದೆ. ಕೇಂದ್ರದಲ್ಲಿ ಸಂಬಳ ಖಚಿತ, ಕೆಲಸದ ದಾರಿ ಸಂಸ್ಥೆ ಹಾಕಿದ್ದು. ಹಾಸನದ ಇಸ್ರೋ ಎಂಸಿಎಫ್ (ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ) ಅಂಥ ಕಡೆ ಉಪಗ್ರಹಗಳನ್ನು ಹಗಲಿರುಳೂ ನೋಡಿಕೊಳ್ಳಬೇಕು. ಅಲ್ಲಿಗೆ ಹೊರಡುವವರು ಕ್ರಮಬದ್ಧತೆಯ ಜೊತೆ ಪಾಳಿಯನ್ನೂ ಒಪ್ಪಬಲ್ಲರೇ ನೋಡಿಕೊಳ್ಳಬೇಕು.

ಇನ್ನೊಂದು ದೊಡ್ಡ ಕೊರತೆ: ಊರಿನ ಬಗ್ಗೆ ಒಂದೂ ಕಾರ್ಡಿಲ್ಲ. ಅಪ್ಪ-ಅಮ್ಮನ ಹತ್ತಿರ ಇರಬೇಕೇ, ಜಮೀನು ಯಾರು ನೋಡಬೇಕು, ಬೆಂಗಳೂರಿಗೆ ಹೋಗಲೇಬೇಕೇ? ಇಲ್ಲಿ ಎಷ್ಟೋ ಮನೆಗಳಲ್ಲಿ ಉದ್ಯೋಗ ನಿಶ್ಚಯವಾಗುವುದೇ ಈ ಪ್ರಶ್ನೆಗಳಿಂದ. ಹಾಗಂತ 21ನೇ ಕಾರ್ಡು ಸೇರಿಸಬೇಡಿ, ಸಾಲಿಗೆ ನಾಲ್ಕೆಂಬ ಲೆಕ್ಕ ಮುರಿಯುತ್ತದೆ. ಬೇರೆ ಚೀಟಿಯಲ್ಲಿ ಬರೆದಿಟ್ಟು, ಅಂಕ ಹಾಕಿ ಮುಗಿದ ಮೇಲೆ ಉಳಿದ ಆಯ್ಕೆಗಳನ್ನು ಅದರಿಂದ ಸೋಸಿ.

ಜೋಡಿಸುವಾಗ ಅಪ್ಪ-ಅಮ್ಮ ಪಕ್ಕದಲ್ಲಿ ಕೂರಬಾರದು. ಅವರಿಗೆ ಬೇರೆ ಪ್ರತಿ ಕೊಟ್ಟು, ಮಗುವಿಗೆ ಎಂಥ ಕೆಲಸ ಬೇಕೆಂದು ಅವರಿಗನ್ನಿಸುತ್ತದೋ ಹಾಗೆ ಜೋಡಿಸಲು ಹೇಳಿ. ಆಮೇಲೆ ಎರಡೂ ಫೋಟೋ ಪಕ್ಕಪಕ್ಕ ಇಟ್ಟು, ಒಬ್ಬರ 5ರಲ್ಲಿದ್ದು ಇನ್ನೊಬ್ಬರ 1ರಲ್ಲಿರುವ ಕಾರ್ಡಿನಿಂದ ಮಾತು ಶುರುಮಾಡಿ.