ಪ್ಯಾರಿಸ್ಸಿನಿಂದ ಒಂದು ದಿನ: ಪ್ರೊವ್ಯಾಂ, ಮೊರೆ, ಸಾಂಲೀಸ್

ಪ್ಯಾರಿಸ್ಸಿಗೆ ಹೋದವರು ಹತ್ತಿರದ ಹಳೇ ಊರೊಂದನ್ನು ನೋಡಬೇಕೆಂದರೆ ಸಾಮಾನ್ಯವಾಗಿ ಈ ಮೂರು ಹೆಸರು ಬರುತ್ತವೆ. ಮೂರೂ ಸುತ್ತಿದ ಮೇಲೆ ನಮ್ಮ ಓಟು ಮೊರೆ-ಸುರ್-ಲ್ವ್ಯಾಂಗೆ. ಇಡೀ ದಿನ ಕೈಯಲ್ಲಿದ್ದು, ಕೋಟೆ ಕೊತ್ತಲವೇ ಬೇಕೆನ್ನುವವರಿಗೆ ಮಾತ್ರ ಪ್ರೊವ್ಯಾಂ.

ಮೊದಲು ಟಿಕೆಟ್ ವಿಚಾರ. 2025ರ ಜನವರಿಯಿಂದ ಪ್ಯಾರಿಸ್ ಸುತ್ತಲಿನ ಇಲ್-ದ-ಫ್ರಾನ್ಸ್ ಪ್ರಾಂತ್ಯದೊಳಗೆ, ವಿಮಾನ ನಿಲ್ದಾಣ ಬಿಟ್ಟು, ಮೆಟ್ರೊಗೂ ರೈಲಿಗೂ ಒಂದೇ ದರ, ಶುರುವಾದಾಗ 2.50 ಯೂರೊ. ಪ್ರೊವ್ಯಾಂ, ಮೊರೆ ಎರಡೂ ಇದರೊಳಗೇ ಬರುತ್ತವೆ. ಟಿಕೆಟ್ ತುಂಬಿಸಿಕೊಳ್ಳುವ ನಾವಿಗೊ ಈಜಿ ಕಾರ್ಡು ತಲೆಗೊಂದು ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ವಾಪಸ್ ಟಿಕೆಟನ್ನೂ ಹೊರಡುವಾಗಲೇ ತುಂಬಿಸಿಕೊಳ್ಳಿ.

ಸಾಂಲೀಸ್ ಪ್ರಾಂತ್ಯದ ಗಡಿಯಾಚೆ ಇದೆ, ಅಲ್ಲಿಗೆ ಈ ಟಿಕೆಟ್ ನಡೆಯದು. ಊರಿಗೆ ರೈಲೂ ಇಲ್ಲ: ಪ್ಯಾರಿಸ್ಸಿನ ಗಾರ್ ದು ನೋರ್ ನಿಲ್ದಾಣದಿಂದ ಶಾಂತಿಯಿ ಊರಿನ ತನಕ ರೈಲು, ಮುಂದಕ್ಕೆ ಬಸ್ಸು. 987ರಲ್ಲಿ ಹ್ಯೂ ಕಾಪೆಯನ್ನು ಫ್ರಾನ್ಸಿನ ರಾಜನಾಗಿ ಆರಿಸಿದ ಊರು, ಕೆಥೆಡ್ರಲ್ಲೂ ಚೆಂದ. ಆದರೆ ಬಸ್ಸು ಕಾಯುವ ತಾಪತ್ರಯಕ್ಕೇ ಮೂರನೇ ಸ್ಥಾನ.

ಪ್ರೊವ್ಯಾಂಗೆ ಗಾರ್ ದ ಲೆಸ್ಟ್‌ನಿಂದ ಪಿ ಲೈನ್, ಸುಮಾರು 1 ಗಂಟೆ 25 ನಿಮಿಷ. ಸಾಮಾನ್ಯವಾಗಿ ಗಂಟೆಗೊಂದೇ ರೈಲು, ತಪ್ಪಿದರೆ ಮಧ್ಯಾಹ್ನವೇ ಹಾಳು. ನಿಲ್ದಾಣ ಕೆಳ ಊರಲ್ಲಿದೆ, ನೋಡಬೇಕಾದದ್ದೆಲ್ಲ ಗುಡ್ಡದ ಮೇಲೆ. ಇಪ್ಪತ್ತು ನಿಮಿಷದ ಏರು, ಕಲ್ಲುಹಾಸಿನ ಬೀದಿ, ಮಗುವಿನ ತಳ್ಳುಗಾಡಿ ತಂದವರು ಪಾಡುಪಡುತ್ತಾರೆ. 12ನೇ ಶತಮಾನದ ತೂರ್ ಸೆಜಾರ್ ಗೋಪುರ ಬುಡದಲ್ಲಿ ಚೌಕ, ಮೇಲೆ ಎಂಟು ಮೂಲೆ. ಒಳಗಿನ ಮೆಟ್ಟಿಲು ಇಕ್ಕಟ್ಟು. 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಮಧ್ಯಯುಗದ ದೊಡ್ಡ ವ್ಯಾಪಾರ ಜಾತ್ರೆಗಳಾದ ಶಾಂಪಾಞ್ ಸಂತೆಗಳ ಊರೆಂಬ ಕಾರಣಕ್ಕೆ. ದುಡ್ಡು ಕೊಡದೆ ಸಿಗುವ ಒಳ್ಳೇ ನೋಟ ಪೋರ್ತ್ ಸಾಂ-ಜಾಂ ಬಾಗಿಲಿನಿಂದ ಪೋರ್ತ್ ದ ಜೂಯಿ ಬಾಗಿಲವರೆಗಿನ ಕೋಟೆಗೋಡೆಯದು.

ಮೊರೆಗೆ ಗಾರ್ ದ ಲ್ಯೋಂನಿಂದ ಆರ್ ಲೈನ್, ಐವತ್ತು ನಿಮಿಷದ ಆಸುಪಾಸು. ಇಳಿಯುವ ನಿಲ್ದಾಣದ ಹೆಸರು ಮೊರೆ–ವೆನೋ-ಲೆ-ಸಾಬ್ಲೋಂ. ಇಪ್ಪತ್ತು ನಿಮಿಷ ನಡೆದರೆ ಹಳೇ ಊರಿನ ಸಾಮ್ವಾ ಬಾಗಿಲು. ಮುಖ್ಯಬೀದಿ ಹಿಡಿದು ಬುರ್ಗೋಞ್ ಬಾಗಿಲು ದಾಟಿ, ಸೇತುವೆಯ ಆಚೆ ದಡಕ್ಕೆ ಹೋಗಿ ಹಿಂತಿರುಗಿ ನೋಡಿ. ಬಾಗಿಲು, ಚರ್ಚು, ಹೊಳೆ ಒಂದೇ ಚೌಕಟ್ಟಿನಲ್ಲಿ. ಚಿತ್ರಕಾರ ಆಲ್ಫ್ರೆಡ್ ಸಿಸ್ಲೆ 1899ರಲ್ಲಿ ತೀರಿಕೊಂಡದ್ದು ಇದೇ ಊರಲ್ಲಿ. ಇದೇ ಚರ್ಚನ್ನು 1893–94ರಲ್ಲಿ ಬೇರೆ ಬೇರೆ ಬೆಳಕಿನಲ್ಲಿ ಮತ್ತೆ ಮತ್ತೆ ಬರೆದ. ಫೋಟೊ ಬೇಕಿದ್ದರೆ ಬೆಳಿಗ್ಗೆಯೇ ಹೋಗಿ: ಊರು ಪಶ್ಚಿಮ ದಡದಲ್ಲಿರುವುದರಿಂದ ಸಂಜೆ ಸೂರ್ಯ ಅದರ ಬೆನ್ನಿಗಿದ್ದು ಗೋಡೆಗಳೆಲ್ಲ ಕಪ್ಪಾಗುತ್ತವೆ.

ಊಟ ಎಲ್ಲಿಯಾದರೂ ಹನ್ನೆರಡರಿಂದ ಎರಡರೊಳಗೆ; ಆಮೇಲೆ ಅಡುಗೆಮನೆ ಮುಚ್ಚುತ್ತಾರೆ. ಸಸ್ಯಾಹಾರಿಗಳು ಬೇಕರಿಯ ಕೀಶ್ (ಮೊಟ್ಟೆ-ಕೆನೆ ತುಂಬಿದ ಖಾರದ ಪೈ) ನಂಬಬೇಡಿ, ಹಂದಿಮಾಂಸದ ಚೂರು ಇರುವುದೇ ಹೆಚ್ಚು, ಕೇಳಿಯೇ ಕೊಳ್ಳಿ.

ಮೊರೆ ಅರ್ಧ ದಿನಕ್ಕೆ ಮುಗಿಯುತ್ತದೆ. ಮರಳುವಾಗ ಅದೇ ಲೈನಿನ ಫೋಂತೆನ್‌ಬ್ಲೋದಲ್ಲಿ ಇಳಿದು ಅರಮನೆ ನೋಡಬಹುದು, ಮುಂದಿನ ರೈಲಿಗೆ ಇನ್ನೊಂದು ಟಿಕೆಟ್ ಹಿಡಿಯುತ್ತದೆ, ಅಷ್ಟೇ. ಮಂಗಳವಾರ ಮಾತ್ರ ಬೇಡ, ಅರಮನೆಗೆ ರಜೆ.